ಗೌಡಸಾನಿಯ ಹಿತ್ತಲಿಗೆ ಬಂದ ಮರಿಗಳು

ಹೋದ ಮಳೆಗಾಲದಲ್ಲಿ ಗುಂಜಿಯಿಂದ ಬೆಳಗಾವಿಗೆ ವಾಪಸು ಬರುವಾಗ ಖಾನಾಪುರದ ಹತ್ತಿರ ನಮ್ಮ ಗಾಡಿಯ ಚಕ್ರ ಪಂಕ್ಚರ್ ಆಯಿತು. ಡ್ರೈವರ್ ಅದನ್ನು ಬದಲಿಸುವವರೆಗೆ ನಾವೆಲ್ಲ ಇಳಿದು ರಸ್ತೆ ಬದಿಯ ಒಂದು ಮನೆಯ ತಗಡಿನ ಮಾಡಿನ ಕೆಳಗೆ ನಿಂತೆವು. ಮನೆಯ ಬಗಲಿಗೇ ಕೋಳಿಗೂಡು. ನೆನೆದ ಭತ್ತದ ಹೊಟ್ಟು, ಹಿಕ್ಕೆ, ಒದ್ದೆ ಪುಕ್ಕ ಎಲ್ಲ ಸೇರಿದ ವಾಸನೆ ಗಾಳಿಯ ಜೊತೆ ಮುಖಕ್ಕೆ ರಾಚಿತು. ನನ್ನ ತಮ್ಮನ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ತಮ್ಮ ಮಳೆಯಲ್ಲೇ ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತ. ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ. ಎದೆ ತುಂಬ ಉಸಿರೆಳೆಯುವುದು ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ಇದೇ ಊರಿನಲ್ಲಿ, ಇದೇ ವಾಸನೆಯ ನಡುವೆ ಕೂತು ಒಂದು ವರ್ಷ ಹಟ ಹಿಡಿದು ಗಳಿಸಿಕೊಂಡದ್ದು.

ಎಪ್ಪತ್ತರ ದಶಕ ಮುಗಿಯಲು ಬಂದಿತ್ತು. ನನಗೆ ಆಗ ಇಪ್ಪತ್ತೊಂದು. ಬೆಳಗಾವಿಯ ಶಹಾಪುರದಲ್ಲಿ ಅರಿವೆ ಅಂಗಡಿ ಇಟ್ಟವರ ಮನೆಗೆ ಸೊಸೆಯಾಗಿ ಹೋಗಿ ಎರಡು ವರ್ಷವಾಗಿತ್ತು. ಚಳಿಗಾಲದಲ್ಲಿ ಹತ್ತಿದ ಕೆಮ್ಮು ಬೇಸಿಗೆ ಬಂದರೂ ಬಿಡಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಕುಪ್ಪಸಗಳು ಸಡಿಲಾಗುತ್ತ ಹೋದವು. ಒಂದು ಮುಂಜಾನೆ ಬಚ್ಚಲಲ್ಲಿ ಕೆಮ್ಮಿದಾಗ ರಕ್ತ ಕಂಡಿತು. ದೊಡ್ಡ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದು ಟೀಬಿ ಅಂದರು. ಔಷಧವಿದೆ, ತಪ್ಪದೆ ತೆಗೆದುಕೊಂಡರೆ ಪೂರಾ ಗುಣವಾಗುತ್ತದೆ ಎಂದೂ ಹೇಳಿದರು. ಆದರೆ ನನ್ನ ಅತ್ತೆಯ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ. ಮನೆಗೆ ಬಂದ ಮೇಲೆ ಆಕೆ ಆ ರೋಗದ ಹೆಸರನ್ನು ಕೂಡ ಬಾಯಲ್ಲಿ ಆಡಲಿಲ್ಲ. ನನ್ನ ಟ್ರಂಕನ್ನು ಹೊರಗಿನ ಪಡಸಾಲೆಗೆ ತಂದಿಟ್ಟರು, ಅಷ್ಟೆ. ನನ್ನ ಗಂಡ ಅಂಗಡಿಗೆ ಹೋಗಿದ್ದವನು ಅವತ್ತು ತಡವಾಗಿ ಬಂದ, ಮರುದಿನ ಬೇಗ ಎದ್ದು ಹೋದ.

ನನ್ನ ತವರು ಸಾಂಬ್ರಾ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪನ ಮನೆಯಲ್ಲಿ ಅಣ್ಣನ ಎಳೆ ಕೂಸು ಇತ್ತು, ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಸುದ್ದಿ ತಿಳಿದು ಮುಂಗಾರಿನ ಮೊದಲ ಮಳೆಯಲ್ಲೇ ಖಾನಾಪುರದಿಂದ ಬಂದವಳು ಅವ್ವನ ಅಕ್ಕ, ನನ್ನ ದೊಡ್ಡವ್ವ ನೀಲವ್ವ. ಕೊಡೆಯಿಂದ ನೀರು ತೊಟ್ಟಿಕ್ಕಿಸುತ್ತ ಹೊಸ್ತಿಲಲ್ಲೇ ನಿಂತು ಆಕೆ ಟ್ರಂಕು ನೋಡಿದಳು, ನನ್ನನ್ನು ನೋಡಿದಳು. ಕೂತುಕೊಳ್ಳಿ ಎಂದು ಯಾರೂ ಹೇಳುವ ಮೊದಲೇ ನನ್ನ ಅತ್ತೆಗೆ ಹೇಳಿದಳು, "ಆಕಿ ತಾಟು, ಗಂಗಾಳನೂ ಕಟ್ಟಿ ಕೊಡ್ರಿ. ನಿಮಗ ಬ್ಯಾಡಾದ್ದು ಏನೂ ಇಲ್ಲಿ ಉಳಿಯೂದು ಬ್ಯಾಡ." ನಾವು ಮಧ್ಯಾಹ್ನದ ಬಸ್ಸು ಹಿಡಿದೆವು.

ದೊಡ್ಡವ್ವ ಮಕ್ಕಳಿಲ್ಲದ ವಿಧವೆ. ಗಂಡನ ಪಾಲಿಗೆ ಬಂದ ಎರಡು ಕೋಣೆಯ ಹಂಚಿನ ಮನೆ, ಹಿಂದೆ ಒಂದು ಹಿತ್ತಲು, ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟ ಒಂದಿಷ್ಟು ಭತ್ತದ ಗದ್ದೆ. ಉಳಿದ ಹೊತ್ತಿನಲ್ಲಿ ಊರವರಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ಬೆಳಗಾಗುವ ಮುಂಚೆ ಮಿಂದು, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ. ಬಲಬದಿಯ ಗೋಡೆಗೆ ಹೊಂದಿ ಆಕೆಯ ಭಾವ, ಅಂದರೆ ತೀರಿಹೋದ ಗಂಡನ ಅಣ್ಣ ಚನ್ನಬಸಪ್ಪನವರ ಮನೆ. ಓಣಿಯಲ್ಲಿ ನಮ್ಮವರಿಗೆಲ್ಲ ಅವರೇ ಹಿರಿಯರು. ಹಿತ್ತಲಿನ ಹಿಂದುಗಡೆ, ಅರ್ಧ ಬಿದ್ದ ಮಣ್ಣಿನ ಗೋಡೆಯ ಆಚೆ ಜುಬೇದಾ ಖಾಲಾಳ ಮನೆ. ಹಂಚಿನ ಕಾರ್ಖಾನೆಗೆ ಹೋಗುವ ಮಗ, ಸೊಸೆ, ಮೊಮ್ಮಕ್ಕಳು, ಆಡು, ಕೋಳಿ ಎಲ್ಲ ಸೇರಿದ ಗದ್ದಲದ ಮನೆ. ಮನೆಯೊಳಗೆ ಉರ್ದು, ಸಂತೆಯಲ್ಲಿ ಮರಾಠಿ, ನಮ್ಮ ದೊಡ್ಡವ್ವನ ಜೊತೆ ಕನ್ನಡ, ಹೀಗೆ ಖಾಲಾಳ ಬಾಯಿ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ನಡೆಯುತ್ತಿತ್ತು.

ಖಾನಾಪುರದ ಸರ್ಕಾರಿ ದವಾಖಾನೆಯ ಡಾಕ್ಟರು ಧಾರವಾಡದ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಸೂಜಿ, ಗುಳಿಗೆ ಬರೆದರು. ಒಂದೂವರೆ ವರ್ಷ ಒಂದು ದಿನವೂ ತಪ್ಪಿಸಬಾರದು, ಕೆಲವು ತಿಂಗಳು ತಟ್ಟೆ ಲೋಟ ಬೇರೆ ಇರಲಿ, ಗಾಳಿ ಬೆಳಕಿನಲ್ಲಿ ಮಲಗಬೇಕು ಅಂದರು. ಆಮೇಲೆ ದೊಡ್ಡವ್ವನ ಹಣೆಯ ವಿಭೂತಿ ನೋಡಿ, ಹಾಲಿನ ಜೊತೆ ದಿನಾ ಒಂದು ತತ್ತಿ ಕೊಟ್ಟರೆ ಮೈ ಬೇಗ ಹಿಡಿಯುತ್ತದೆ, ನಿಮ್ಮಲ್ಲಿ ನಡೆಯದಿದ್ದರೆ ಬೇಳೆ, ಶೇಂಗಾ ಕೊಡಿ ಎಂದರು. ದೊಡ್ಡವ್ವ ಕೇಳಿದ್ದು ಒಂದೇ ಪ್ರಶ್ನೆ: ಎರಡರಲ್ಲಿ ಯಾವುದು ಬೇಗ?

ಮರುದಿನ ಲಿಂಗಪೂಜೆ ಮುಗಿಸಿ ಆಕೆ ಬಿದ್ದ ಗೋಡೆಯ ಹತ್ತಿರ ಹೋಗಿ ಖಾಲಾಳನ್ನು ಕರೆದಳು. ಖಾಲಾ ಮೊದಲು ನಂಬಲಿಲ್ಲ. ನಂಬಿದ ಮೇಲೆ ಒಳ್ಳೆಯ ಉಪಾಯ ಹೇಳಿದಳು. ತತ್ತಿ ತಾನೇ ಬೇಯಿಸಿ ಸೆರಗಿನಲ್ಲಿ ಮುಚ್ಚಿ ತಂದು ಕೊಡುತ್ತೇನೆ, ಹುಡುಗಿ ಹಿತ್ತಲಲ್ಲೇ ತಿಂದು ಬಾಯಿ ಮುಕ್ಕಳಿಸಲಿ, ಓಣಿಗೆ ಏಕೆ ಗೊತ್ತಾಗಬೇಕು ಅಂದಳು. ದೊಡ್ಡವ್ವ ಒಪ್ಪಲಿಲ್ಲ.

"ಕದ್ದು ತಿಂದದ್ದು ಮೈಗೆ ಹತ್ತಂಗಿಲ್ಲ ಜುಬೇದಾ. ಒಂದು ಹ್ಯಾಟಿನ ಕೊಡು. ನನ್ನ ಹಿತ್ತಲದಾಗ ಇರ್ಲಿ, ನೋಡೋರು ನೋಡ್ಲಿ."

ಹ್ಯಾಟಿ ಅಂದರೆ ಹೆಣ್ಣುಕೋಳಿ. ಖಾಲಾ ಕೊಟ್ಟದ್ದು ತನಗೆ ಸಾಕಾಗಿದ್ದ ಒಂದನ್ನು. ಕಂದು ಬಣ್ಣ, ದಪ್ಪ ಕಾಲು, ಒಂದು ಕಡೆ ವಾಲಿದ ಜುಟ್ಟು. ತತ್ತಿ ಚೆನ್ನಾಗಿ ಇಡುತ್ತಿತ್ತು, ಆದರೆ ಒಮ್ಮೆಯೂ ಕಾವಿಗೆ ಕೂತದ್ದಿಲ್ಲ, ಬೇರೆ ಕೋಳಿಗಳ ಮರಿ ಕಂಡರೆ ಕುಕ್ಕದೆ ಬಿಟ್ಟದ್ದಿಲ್ಲ. ನಮ್ಮ ಹಿತ್ತಲಿಗೆ ಇಳಿದ ದಿನವೇ ಅದು ಮೂಲೆಮೂಲೆ ಸುತ್ತಿ, ಒಗೆಯುವ ಕಲ್ಲಿನ ಮೇಲೆ ಹತ್ತಿ, ಇಡೀ ಜಾಗ ತನಗೆ ಇನಾಮು ಬಂದ ಹಾಗೆ ಕತ್ತೆತ್ತಿ ನಿಂತಿತು. ದೊಡ್ಡವ್ವ ಅದಕ್ಕೆ ಗೌಡಸಾನಿ ಎಂದು ಹೆಸರಿಟ್ಟಳು.

ಮೊದಲನೆಯ ತತ್ತಿಯನ್ನು ಆಕೆ ಮುತ್ತಲ ಎಲೆಯಲ್ಲಿ ಹಿಡಿದೆತ್ತಿದಳು. ಹಿತ್ತಲಲ್ಲೇ ಮೂರು ಕಲ್ಲಿಟ್ಟು, ಅದಕ್ಕೆಂದೇ ತಂದ ಸಣ್ಣ ಪಾತ್ರೆಯಲ್ಲಿ ಬೇಯಿಸಿ, ಸಿಪ್ಪೆ ಸುಲಿದು ನನ್ನ ಮುಂದೆ ಇಟ್ಟಳು. ವಾಸನೆಗೇ ನಾನು ಮುಖ ತಿರುವಿದೆ. ಅಳು ಬಂತು. ಹುಟ್ಟಿದಾಗಿನಿಂದ ಇದನ್ನು ಮುಟ್ಟಿದವಳಲ್ಲ, ಕೊರಳಲ್ಲಿ ಲಿಂಗವಿದೆ, ಸತ್ತರೆ ಸಾಯುತ್ತೇನೆ ಎಂದೆ. ದೊಡ್ಡವ್ವ ಬೈಯಲಿಲ್ಲ. "ನಾ ತಿನ್ನಂಗಿಲ್ಲ, ನೀ ತಿನ್ನು. ಇಬ್ಬರದೂ ನೇಮ ನಡೀಲಿ," ಅಂದಳು. ನಾನು ಕಣ್ಣು ಮುಚ್ಚಿ ತಿಂದೆ. ವಾಂತಿಯಾಯಿತು. ಮರುದಿನ ಮತ್ತೆ ಬೇಯಿಸಿದಳು. ಅದು ಒಳಗೆ ಉಳಿಯಿತು.

ಚನ್ನಬಸಪ್ಪನವರು ಬಂದದ್ದು ಆ ವಾರವೇ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತರು. ದೊಡ್ಡವ್ವ ರೂಢಿಯಂತೆ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಮರೆಗೆ ನಿಂತಳು. ಇನ್ನು ಮೇಲೆ ಮಠದ ಅಯ್ಯನವರು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ, ನಮ್ಮವರ ಮನೆಗಳಲ್ಲಿ ಶುಭಕಾರ್ಯಕ್ಕೆ ನಿನ್ನನ್ನು ಕರೆಯುವುದು ಕಷ್ಟವಾಗುತ್ತದೆ ಎಂದು ನಿಧಾನವಾಗಿ ಹೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ತಮ್ಮನ ಹೆಂಡತಿಗೆ ಬುದ್ಧಿ ಹೇಳುವುದು ತಮ್ಮ ಕರ್ತವ್ಯವೆಂದೇ ನಂಬಿ ಬಂದಿದ್ದರು.

"ಮನ್ಯಾಗ ಲಿಂಗ ಐತಿ, ಹಿತ್ತಲದಾಗ ಕೋಳಿ ಐತಿ. ಎರಡೂ ಹೆಂಗ ಕೂಡತಾವು ನೀಲವ್ವಾ?"

"ಕೂಡ್ಯಾವಲ್ರಿ ಭಾವ," ಎಂದಳು ದೊಡ್ಡವ್ವ. "ಬಂದಾಗಿಂದ ಒಂದಿನಾನೂ ಜಗಳಾಡಿಲ್ಲ."

ನಾನು ಒಳಗೆ ಚಾಪೆಯ ಮೇಲೆ ಮಲಗಿದ್ದವಳು ಬಾಯಿಗೆ ಸೆರಗು ತುರುಕಿಕೊಂಡೆ. ಎಷ್ಟೋ ತಿಂಗಳ ನಂತರ ಬಂದ ನಗು ಅದು. ನಕ್ಕರೆ ಕೆಮ್ಮು ಬರುತ್ತದೆಂದು ಹೆದರಿದ್ದೆ, ಬರಲಿಲ್ಲ. ಚನ್ನಬಸಪ್ಪನವರು ಎದ್ದು ಹೋದರು. ಅವತ್ತಿನಿಂದ ಅವರ ಮನೆಯ ಹೆಣ್ಣುಮಕ್ಕಳು ನಮ್ಮ ಕಡೆ ಹಾಯುವುದು ನಿಂತಿತು. ಕೌದಿ ಹೊಲಿಸಲು ಬರುವವರೂ ಕಡಿಮೆಯಾದರು.

ಆಷಾಢದ ಮಳೆ ಹಿಡಿಯಿತು. ಖಾನಾಪುರದ ಮಳೆ ಅಂದರೆ ಆಕಾಶ ಕಾಣುವುದೇ ಇಲ್ಲ. ಮಲಪ್ರಭೆ ಕೆಂಪಾಗಿ ಉಕ್ಕಿ, ಹೊಳೆದಂಡೆಯ ಗದ್ದೆಗಳಿಗೆ ನೀರು ನುಗ್ಗಿತು. ಆ ಮಳೆಯಲ್ಲೇ ತಲೆಗೆ ಗೋಣಿತಟ್ಟಿನ ಗೊಂಚಿ ಹೊದ್ದು ನಾನು ಸೂಜಿ ಹಾಕಿಸಿಕೊಳ್ಳಲು ದವಾಖಾನೆಗೆ ಹೋಗಿ ಬರುತ್ತಿದ್ದೆ. ಸೊಂಟದ ಎರಡೂ ಬದಿ ಗಂಟುಗಟ್ಟಿ, ಮಗ್ಗುಲಾಗಿ ಮಲಗಲೂ ಆಗುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಹಿತ್ತಲ ಕಡೆಯ ಪಡಸಾಲೆಯಲ್ಲಿ ಒಬ್ಬಳೇ. ನನ್ನ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಡಾಕ್ಟರು ಹೇಳಿದ್ದೇ ಆದರೂ ಸಿಟ್ಟು ಬರುತ್ತಿತ್ತು. ಶಹಾಪುರದಿಂದ ಯಾರೂ ಒಮ್ಮೆಯೂ ಬಂದು ನೋಡಲಿಲ್ಲ.

ಶ್ರಾವಣ ಹತ್ತಿರವಾಗುವ ಹೊತ್ತಿಗೆ ಗೌಡಸಾನಿ ತತ್ತಿ ಇಡುವುದನ್ನು ನಿಲ್ಲಿಸಿತು. ಗರಿ ಉದುರಿ, ಕುತ್ತಿಗೆ ಬೋಳಾಗಿ, ಮೊದಲಿಗಿಂತ ಎರಡರಷ್ಟು ಕೋಪಿಷ್ಠೆಯಾಯಿತು. ಖಾಲಾ ತನ್ನ ಕೋಳಿಗಳ ತತ್ತಿ ಕೊಡುತ್ತ ಬಂದಳು. ಆದರೆ ಆ ಮನೆಯಲ್ಲೂ ಮೊಮ್ಮಕ್ಕಳಿದ್ದರು, ಅವರ ಬಾಯಿಂದ ತೆಗೆದು ಕೊಡುವುದು ದೊಡ್ಡವ್ವನಿಗೆ ಸರಿಬರಲಿಲ್ಲ. ಒಂದೇ ಹ್ಯಾಟಿಯನ್ನು ನಂಬಿದ್ದು ತಪ್ಪಾಯಿತು, ಇನ್ನಷ್ಟು ಬೇಕು ಎಂದು ತೀರ್ಮಾನಿಸಿದಳು. ಖಾಲಾಳ ತಮ್ಮ ಬೆಳಗಾವಿಯಿಂದ ಆರು ಬಿಳಿ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದುಕೊಟ್ಟ. ರೆಕ್ಕೆಯಲ್ಲಿ ಆಗಷ್ಟೇ ಗರಿ ಮೂಡುತ್ತಿದ್ದ, ಮೈಮೇಲೆ ಇನ್ನೂ ಹಳದಿ ತುಪ್ಪಳವಿದ್ದ ಮರಿಗಳು. ಅವು ಬಂದದ್ದು ಶ್ರಾವಣ ಸೋಮವಾರ. ಬಲಬದಿಯ ಮನೆಯಲ್ಲಿ ಪೂಜೆಯ ಗಂಟೆ, ನಮ್ಮ ಪಡಸಾಲೆಯಲ್ಲಿ ಚಿಂವ್ ಚಿಂವ್. ಬೇರೆ ದಿನ ತರಬಾರದಿತ್ತೇ ಎಂದೆ. ಹಸಿವೆಗೆ ಸೋಮವಾರ, ಮಂಗಳವಾರ ಗೊತ್ತಿಲ್ಲ ಅಂದಳು ದೊಡ್ಡವ್ವ.

ಖಾಲಾ ಅವತ್ತೇ ಎಚ್ಚರಿಸಿದ್ದಳು, ಮರಿಗಳನ್ನು ಗೌಡಸಾನಿಯ ಎದುರಿಗೆ ಒಮ್ಮೆಲೆ ಬಿಡಬೇಡಿ ಎಂದು. ದೊಡ್ಡವ್ವನಿಗೆ ಅದು ಮನಸ್ಸಿಗೆ ಬರಲಿಲ್ಲ. ಎಷ್ಟಾದರೂ ಹೆಣ್ಣು ಜೀವ, ಇಷ್ಟು ಸಣ್ಣವನ್ನು ಕಂಡರೆ ಕರಗದೆ ಇರುತ್ತದೆಯೇ ಎಂದು ನಂಬಿದಳು. ಮರುದಿನ ಮಳೆ ಹೊಳವಾದಾಗ ಪೆಟ್ಟಿಗೆಯನ್ನು ಹಿತ್ತಲಿಗೆ ತಂದು ಬಾಯಿ ತೆರೆದಳು. ಮರಿಗಳು ಒಂದರ ಹಿಂದೆ ಒಂದು ಹೊರಬಂದು ನೆಲ ಕೆದರತೊಡಗಿದವು. ಒಂದು ಮರಿ ಗೌಡಸಾನಿಯನ್ನು ನೋಡಿ ತಾಯಿಯೆಂದುಕೊಂಡಿತೋ ಏನೋ, ನೇರ ಅದರ ಕಾಲ ಬಳಿಗೇ ಓಡಿತು. ಗೌಡಸಾನಿ ಕುತ್ತಿಗೆ ಚಾಚಿ ಅದರ ನೆತ್ತಿಗೆ ಕುಕ್ಕಿತು. ಮತ್ತೊಮ್ಮೆ ಕುಕ್ಕಿತು. ದೊಡ್ಡವ್ವ ಕೂಗುತ್ತ ಹೋಗಿ ಕೋಳಿಯನ್ನು ಓಡಿಸುವಷ್ಟರಲ್ಲಿ ಮರಿ ಕಾಲು ಸೆಟೆದುಕೊಂಡು ಬಿದ್ದಿತ್ತು. ಉಳಿದ ಐದನ್ನು ನಾನು ಉಡಿಯಲ್ಲಿ ಹಾಕಿಕೊಂಡೆ. ನನ್ನ ಹೊಟ್ಟೆಗೆ ಅವುಗಳ ಎದೆ ಬಡಿತ ತಾಗುತ್ತಿತ್ತು.

ದೊಡ್ಡವ್ವ ಮರಿಯನ್ನು ಬಾಳೆಯ ಬುಡದಲ್ಲಿ ಹೂಳಿದಳು. ಅವತ್ತು ಆಕೆ ಒಲೆ ಹಚ್ಚಲಿಲ್ಲ. ನನಗೆ ಹಾಲು ಕಾಯಿಸಿ ಕೊಟ್ಟು, ತಾನು ಗೋಡೆಗೆ ಒರಗಿ ಕೂತಳು. ಭಾವನೆದುರು, ಓಣಿಯೆದುರು ತಲೆ ಬಗ್ಗಿಸದವಳು ಒಂದು ಹಿಡಿಯಷ್ಟಿಲ್ಲದ ಮರಿಯ ಮುಂದೆ ಸೋತಿದ್ದಳು. ಚನ್ನಬಸಪ್ಪನವರ ಹೆಂಡತಿ ಗೋಡೆಯ ಆಚೆಯಿಂದ, ಯಾರಿಗೋ ಹೇಳುವಂತೆ ಗಟ್ಟಿಯಾಗಿ, ಶ್ರಾವಣದಲ್ಲಿ ಜೀವ ತೆಗೆದರು ಎಂದಳು. ಆ ಮಾತು ದೊಡ್ಡವ್ವನಿಗೆ ನಾಟಿತು. ಸಂಜೆ ಪೆಟ್ಟಿಗೆಗೆ ದಾರ ಕಟ್ಟಿ, ಜುಬೇದಾಳ ತಮ್ಮ ಹೋಗುವಾಗ ವಾಪಸು ಒಯ್ಯಲಿ, ನನ್ನಿಂದಾಗದು ಎಂದಳು.

ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ ಗೊತ್ತಿಲ್ಲ. ನಾನು ಆ ಮನೆಗೆ ಬಂದಾಗಿನಿಂದ ಕೊಟ್ಟದ್ದು ತಿಂದು, ಹೇಳಿದಲ್ಲಿ ಮಲಗಿದವಳು. ಮುಂಚೆ ಶಹಾಪುರದಲ್ಲೂ ಹಾಗೇ. ಎದ್ದು ಹೋಗಿ ದಾರ ಬಿಚ್ಚಿದೆ.

"ಯಾರೂ ಎಲ್ಲಿಗೂ ಹೋಗೂದಿಲ್ಲ ದೊಡ್ಡವ್ವ. ಇವು ಇಲ್ಲೇ ಇರತಾವು, ಆಕಿನೂ ಇಲ್ಲೇ ಇರತಾಳ. ನಾ ನೋಡಕೋತೀನಿ."

ದೊಡ್ಡವ್ವ ನನ್ನ ಮುಖ ನೋಡಿದಳು. ಎದ್ದು ಕಂದೀಲಿಗೆ ಎಣ್ಣೆ ಹಾಕಿದಳು, ಪೆಟ್ಟಿಗೆಯ ಬದಿಗಿಟ್ಟು ಮರಿಗಳಿಗೆ ಶಾಖ ಕೊಡಲು.

ಮುಂದಿನದೆಲ್ಲ ಖಾಲಾ ಗೋಡೆಯ ಮೇಲೆ ಕೂತು ಹೇಳಿಕೊಟ್ಟದ್ದು, ನಾನು ಕೆಳಗೆ ನಿಂತು ಮಾಡಿದ್ದು. ದೊಡ್ಡ ಬಿದಿರಿನ ಬುಟ್ಟಿಯೊಂದನ್ನು ಹಿತ್ತಲ ನಡುವೆ ಬೋರಲು ಹಾಕಿ, ಅದರೊಳಗೆ ಮರಿಗಳನ್ನು ಬಿಟ್ಟೆ. ಮೇಲೊಂದು ಕಲ್ಲು ಹೇರಿದೆ. ಗೌಡಸಾನಿಗೆ ಅವು ಕಾಣಬೇಕು, ಅವಕ್ಕೆ ಗೌಡಸಾನಿ ಕಾಣಬೇಕು, ಆದರೆ ಕೊಕ್ಕು ತಾಗಬಾರದು. ಬುಟ್ಟಿಯ ಹೊರಗೆ ಅದಕ್ಕೆ ಜೋಳ, ಒಳಗೆ ಇವಕ್ಕೆ ನುಚ್ಚು, ಒಂದೇ ಹೊತ್ತಿಗೆ. ಮೊದಮೊದಲು ಗೌಡಸಾನಿ ತನ್ನ ಕಾಳು ಬಿಟ್ಟು ಬುಟ್ಟಿಯ ಸುತ್ತ ಸುತ್ತುತ್ತಿತ್ತು. ಸಂದಿಯಲ್ಲಿ ಕೊಕ್ಕು ತೂರಿಸಿ ಕುಕ್ಕಲು ನೋಡುತ್ತಿತ್ತು. ಮರಿಗಳು ನಡುವೆ ಮುದ್ದೆಯಾಗಿ ಕೂರುತ್ತಿದ್ದವು. ನಾನು ಪಡಸಾಲೆಯ ಅಂಚಿನಲ್ಲಿ ಕೋಲು ಹಿಡಿದು ಕೂತಿರುತ್ತಿದ್ದೆ. ಮಳೆ ಬಂದರೆ ಬುಟ್ಟಿ ಎತ್ತಿ ಮಾಡಿನ ಕೆಳಗೆ ತರುವುದು, ಹೊಳವಾದರೆ ಮತ್ತೆ ಇಡುವುದು. ಸುಮ್ಮನೆ ಮಲಗಿರಬೇಕಾದ ರೋಗಿಗೆ ಕೈತುಂಬ ಕೆಲಸ ಬಂತು. ಡಾಕ್ಟರಿಗೆ ಹೇಳಿದಾಗ ಅವರು ಬೇಡವೆನ್ನಲಿಲ್ಲ, ದಣಿಯಬೇಡ ಎಂದರು, ಗಾಳಿ ಬೆಳಕಿನಲ್ಲಿ ಇರುತ್ತೀಯಲ್ಲ ಎಂದು ನಕ್ಕರು.

ಗಣಪತಿ ಕೂರುವ ಹೊತ್ತಿಗೆ ಮರಿಗಳ ತುಪ್ಪಳ ಹೋಗಿ ಬಿಳಿ ಗರಿ ಬಂದಿತ್ತು. ಗೌಡಸಾನಿಗೂ ಕುತ್ತಿಗೆಯ ಮೇಲೆ ಹೊಸ ಗರಿ ಮೂಡಿತ್ತು. ಈಗದು ಬುಟ್ಟಿಯ ಕಡೆ ಹೆಚ್ಚು ನೋಡುತ್ತಿರಲಿಲ್ಲ. ಬದಿಗೇ ನಿಂತು ತನ್ನ ಜೋಳ ತಿಂದು ಹೋಗುತ್ತಿತ್ತು. ಇನ್ನು ಬಿಡಬಹುದು ಎಂದಳು ಖಾಲಾ. ಆದರೆ ಬಿಡುವ ಮೊದಲು ಒಂದು ಕೆಲಸ ಮಾಡಿಸಿದಳು. ಗೋಡೆಗೆ ಹಳೆಯ ಹಲಗೆಯೊಂದನ್ನು ವಾಲಿಸಿ, ಅದರ ಬಾಯಿಗೆ ಇಟ್ಟಿಗೆ ಇಟ್ಟು, ಮರಿಗಳು ತೂರುವಷ್ಟೇ ಸಂದಿ ಬಿಡಿಸಿದಳು. ದೊಡ್ಡ ಕೋಳಿ ಅಲ್ಲಿ ನುಗ್ಗುವ ಹಾಗಿರಲಿಲ್ಲ. "ಬಡಿಯೋರ ಕೂಡ ಇರಬೇಕಾದ್ರ ಓಡಾಕ ಒಂದು ಜಾಗಾ ಬೇಕು ಬೇಟಿ," ಅಂದಳು. ಹಲಗೆಯ ಒಳಗೂ ಒಂದು ಹಿಡಿ ನುಚ್ಚು ಚೆಲ್ಲಿದೆವು.

ಬುಟ್ಟಿ ಎತ್ತಿದ ದಿನ ದೊಡ್ಡವ್ವ ಹೊರಗೆ ಬರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಗೌಡಸಾನಿ ಒಗೆಯುವ ಕಲ್ಲಿನ ಮೇಲಿಂದ ಇಳಿದು, ರೆಕ್ಕೆ ಕೆಳಗೆ ಬಿಟ್ಟುಕೊಂಡು, ನೇರ ಮರಿಗಳ ಮೇಲೆ ಬಂತು. ನಾನು ಕೋಲು ಎತ್ತಿದೆ. ತಡೀ ಎಂದಳು ಖಾಲಾ. ಐದೂ ಮರಿಗಳು ಚದುರಿ ಹಲಗೆಯ ಕೆಳಗೆ ನುಗ್ಗಿದವು. ಗೌಡಸಾನಿ ಸಂದಿಯಲ್ಲಿ ತಲೆ ಹಾಕಿತು, ಎದೆ ಸಿಕ್ಕಿಕೊಂಡಿತು, ಹಿಂದೆ ಸರಿದು ಇನ್ನೊಂದು ಬದಿಯಿಂದ ನೋಡಿತು. ಬಹಳ ಹೊತ್ತು ಕಾಯಿತು. ಆಮೇಲೆ ಬೇಸರ ಬಂದು ನೆಲ ಕೆದರಲು ಹೋಯಿತು. ಒಂದು ಮರಿ ಹೊರಗೆ ಬಂತು. ಕುಕ್ಕಿಸಿಕೊಂಡಿತು, ಒಳಗೆ ಓಡಿತು, ಮತ್ತೆ ಬಂತು. ಕಾಲಲ್ಲಿ ಕಪ್ಪು ಚುಕ್ಕೆಯಿದ್ದ ಒಂದು ಮರಿಯಂತೂ ಏಟು ತಿಂದಷ್ಟೂ ಮತ್ತೆ ಗೌಡಸಾನಿಯ ಎದುರಿಗೇ ಹೋಗಿ ಕಾಳು ಹೆಕ್ಕುತ್ತಿತ್ತು. ಅದನ್ನು ಕಂಡರೆ ನನಗೆ ಬಲು ಪ್ರೀತಿ. ವಾರಗಟ್ಟಲೆ ಹೀಗೇ ನಡೆಯಿತು. ಏಟುಗಳು ಇದ್ದವು, ಆದರೆ ಅವು ಕೊಲ್ಲುವ ಏಟಲ್ಲ, ದೂರ ಸರಿ ಎನ್ನುವ ಏಟು. ಮಹಾನವಮಿಯ ಹೊತ್ತಿಗೆ ಅವೆಲ್ಲ ಒಂದೇ ಗೂಡಿನಲ್ಲಿ ಕೂರುತ್ತಿದ್ದವು, ಗೌಡಸಾನಿ ಮೇಲಿನ ಕೋಲಿನ ಮೇಲೆ, ಇವು ಕೆಳಗೆ ಸಾಲಾಗಿ.

ಒಂದು ಮಧ್ಯಾಹ್ನ ಎಲ್ಲಿಂದಲೋ ಒಂದು ಗಂಡುಬೆಕ್ಕು ಗೋಡೆ ಇಳಿದು ಮರಿಗಳ ಕಡೆ ಹೊಂಚಿ ಬಂತು. ನಾನು ಏಳುವ ಮೊದಲೇ ಗೌಡಸಾನಿ ಮೈಯೆಲ್ಲ ಉಬ್ಬಿಸಿಕೊಂಡು, ಕಿರುಚುತ್ತ ಅದರ ಮುಖಕ್ಕೆ ಎಗರಿತು. ಬೆಕ್ಕು ಬಂದ ದಾರಿಯಲ್ಲೇ ಓಡಿತು. ದೊಡ್ಡವ್ವನ ಕಣ್ಣಲ್ಲಿ ನೀರು. ನೋಡು, ಕಡೆಗೂ ತಾಯಿಕರುಳು ಎಂದಳು. ಖಾಲಾ ಗೋಡೆಯ ಮೇಲಿಂದಲೇ ತಲೆಯಾಡಿಸಿದಳು. "ತಾಯಿಕರುಳು ಅಲ್ಲ ನೀಲವ್ವಾ. ಆಕಿ ತನ್ನ ಹಿತ್ತಲಾ ಕಾದಳು. ಈಗ ಆ ಹಿತ್ತಲದಾಗ ಇವೂ ಅದಾವ. ಅಷ್ಟ ಸಾಕಲ್ಲ?" ನನಗೆ ಖಾಲಾಳ ಮಾತೇ ಸರಿ ಅನ್ನಿಸಿತು. ಪ್ರೀತಿಸಲಿ ಎಂದು ನಾನು ಯಾರನ್ನೂ ಬೇಡುವ ಸ್ಥಿತಿಯಲ್ಲಿರಲಿಲ್ಲ. ಕೊಲ್ಲದೆ ಜಾಗ ಬಿಟ್ಟರೆ ಸಾಕು, ಉಳಿದದ್ದು ನಾವೇ ನೋಡಿಕೊಳ್ಳುತ್ತೇವೆ.

ದೀಪಾವಳಿ ದಾಟಿದ ಮೇಲೆ ಕಫದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಗುಳಿಗೆ ಇನ್ನೂ ಬಹಳ ದಿನ ನುಂಗಬೇಕು, ಆದರೆ ಇನ್ನು ತಟ್ಟೆ ಬೇರೆ ಬೇಡ, ಯಾರ ಪಕ್ಕದಲ್ಲಾದರೂ ಕೂತು ಉಣ್ಣಬಹುದು ಎಂದರು ಡಾಕ್ಟರು. ಅವತ್ತು ರಾತ್ರಿ ದೊಡ್ಡವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ, ನನ್ನನ್ನು ಒಲೆಯ ಮುಂದೆ ತನ್ನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿಕೊಂಡಳು. ಮರಿಗಳಲ್ಲಿ ನಾಲ್ಕು ಹ್ಯಾಟಿಗಳಾದವು. ಆ ಕಪ್ಪು ಚುಕ್ಕೆಯದು ಹುಂಜ ಎಂದು ತಿಳಿಯಿತು. ಹುಂಜ ಕೂಗತೊಡಗಿದ ಮೇಲೆ ಅದನ್ನು ಖಾಲಾಳ ಹಿತ್ತಲಿಗೆ ದಾಟಿಸಿದೆವು. ಮುಂದೆ ಅದೇನಾಯಿತು ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಿಳಿ ಹ್ಯಾಟಿಗಳು ಮೊದಲ ಸಣ್ಣ ತತ್ತಿಗಳನ್ನಿಡುವಾಗ ಸಂಕ್ರಾಂತಿ. ಕುಸುರೆಳ್ಳು ಕಟ್ಟಿಕೊಂಡು ಶಹಾಪುರದಿಂದ ನನ್ನ ಅತ್ತೆ ಮತ್ತು ಗಂಡ ಬಂದರು. ನಾನು ಬದುಕಿದ್ದೇನೆ, ಮೈಕೈ ತುಂಬಿಕೊಂಡಿದ್ದೇನೆ ಎಂದು ಯಾರೋ ಹೇಳಿದ್ದರು. ಅತ್ತೆ ಒಳ್ಳೆಯ ಮಾತಿನಲ್ಲೇ ಶುರು ಮಾಡಿದರು. ಆದದ್ದು ಆಯಿತು, ಮನೆಗೆ ಬಾ ಅಂದರು. ಆದರೆ ತತ್ತಿ ತಿಂದ ದೋಷಕ್ಕೆ ಅಯ್ಯನವರಿಂದ ಹೊಸದಾಗಿ ದೀಕ್ಷೆ ಆಗಬೇಕು. ಗುಳಿಗೆಯ ವಿಷಯ ನೆರೆಹೊರೆಗೆ ತಿಳಿಯಬಾರದು. ಮತ್ತೆ, ದೊಡ್ಡವ್ವನ ಕಡೆ ನೋಡದೆಯೇ ಹೇಳಿದರು, ಈ ಮನೆಗೆ ಹೋಗಿಬರುವುದು ಇನ್ನು ಇರಬಾರದು. ನನ್ನ ಗಂಡ ಕಟ್ಟೆಯ ಮೇಲೆ ಕೂತು ತನ್ನ ಚಪ್ಪಲಿ ನೋಡುತ್ತಿದ್ದ. ನನ್ನನ್ನು ಹೇಗಿದ್ದೀಯ ಎಂದು ಅವನು ಕೇಳುತ್ತಾನೇನೋ ಎಂದು ನಾನು ಕಾದೆ. ಕೇಳಿದ್ದರೆ ಏನಾಗುತ್ತಿತ್ತೋ. ಕೇಳಲಿಲ್ಲ.

ದೊಡ್ಡವ್ವ ನನ್ನನ್ನು ನೋಡಿ, ನಿನ್ನ ಬಾಳೇವು, ನೀನೇ ಹೇಳು ಎಂದಳು.

"ನಾ ಬರಂಗಿಲ್ರಿ," ಎಂದೆ. "ರಕ್ತ ಕಾರಾಕತ್ತಾಗ ಟ್ರಂಕು ಹೊರಗ ಇಟ್ಟಿದ್ರಿ. ಈಗ ನನ್ನ ಒಳಗ ಕರಕೊಳ್ಳಾಕ ನಿಮಗ ದೀಕ್ಷಾ ಬೇಕು, ನನಗಲ್ಲ."

ಅತ್ತೆ ಎದ್ದರು. ಕುಸುರೆಳ್ಳನ್ನು ಬಿಟ್ಟು ಹೋದರು, ದೊಡ್ಡವ್ವ ಅದನ್ನು ಖಾಲಾಳ ಮೊಮ್ಮಕ್ಕಳಿಗೆ ಹಂಚಿದಳು. ಆ ಹೊಸ್ತಿಲನ್ನು ನಾನು ಮತ್ತೆ ತುಳಿಯಲಿಲ್ಲ. ಮುಂದೆ ಟ್ರೇನಿಂಗ್ ಮುಗಿಸಿ ಸಾಲೆಯಲ್ಲಿ ಮಾಸ್ತರಿಕೆ ಮಾಡಿದೆ, ಖಾನಾಪುರ ತಾಲೂಕಿನ ಹಳ್ಳಿಗಳಲ್ಲೇ ಬಾಳಿದೆ. ಒಬ್ಬಳೇ ಇದ್ದೆ. ಅಯ್ಯೋ ಪಾಪ ಎಂದವರಿದ್ದರು, ಅವರಿಗೆ ನಾನು ಎಂದೂ ಉತ್ತರ ಕೊಡಲು ಹೋಗಲಿಲ್ಲ.

ಆ ವರ್ಷ ಮುಗಿದದ್ದು ಒಂದು ಮದುವೆಯಲ್ಲಿ. ವೈಶಾಖದಲ್ಲಿ ಚನ್ನಬಸಪ್ಪನವರ ಮೊಮ್ಮಗಳ ಲಗ್ನ ಗೊತ್ತಾಯಿತು. ಓಣಿಯ ಪ್ರತಿ ಮನೆಗೂ ಅಕ್ಷತೆ ಹಿಡಿದು ಹೋಗಿ ಕರೆದರು, ನಮ್ಮ ಬಾಗಿಲ ಮುಂದೆ ಹಾದು ಮುಂದಿನ ಮನೆಗೆ ಹೋದರು. ಲಗ್ನದ ದಿನ ಗೋಡೆಯಾಚೆಯಿಂದ ಸನಾದಿ, ಕರಿಯುವ ಎಣ್ಣೆಯ ವಾಸನೆ, ಮಕ್ಕಳ ಗದ್ದಲ. ದೊಡ್ಡವ್ವ ಮಿಂದು ಪೂಜೆ ಮುಗಿಸಿ, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ನನಗೂ ಚಲೋ ಸೀರೆ ಉಡಲು ಹೇಳಿದಳು. ಎಲ್ಲಿಗೆ ಎಂದರೆ ಮದುವೆಗೆ ಎಂದಳು. ಕರೆದಿಲ್ಲವಲ್ಲ ದೊಡ್ಡವ್ವ ಅಂದೆ.

"ಅದಕ್ಕ ಲಗೂ ಹೋಗೂಣು. ಕರಸಕೊಂಡೋರು ಬೇಕಾದ್ರ ತಡಾ ಮಾಡಿ ಬರ್ಲಿ."

ನಾವು ಹಂದರದೊಳಗೆ ಹೋದಾಗ ಮಾತುಗಳು ಒಂದೊಂದಾಗಿ ನಿಂತವು. ದೊಡ್ಡವ್ವ ಮದುಮಗಳ ತಲೆಗೆ ಅಕ್ಷತೆ ಹಾಕಿ, ಗಲ್ಲ ಸವರಿ, ಹೆಂಗಸರ ಮೊದಲ ಪಂಗ್ತಿಗೆ ಹೋಗಿ ಕೂತಳು. ನಾನು ಆಕೆಯ ಎಡಕ್ಕೆ ಕೂತೆ. ನನ್ನ ಇನ್ನೊಂದು ಬದಿಯಲ್ಲಿದ್ದ ಹೆಂಗಸು ತನ್ನ ಪತ್ರಾವಳಿ ಎತ್ತಿಕೊಂಡು ಬೇರೆ ಕಡೆ ಹೋದಳು. ಜಾಗ ಖಾಲಿಯಾಯಿತು. ನಾನು ಆರಾಮವಾಗಿ ಕಾಲು ಹರವಿಕೊಂಡು ಕೂತೆ. ಹೋಳಿಗೆಯ ಬುಟ್ಟಿ ಹಿಡಿದು ಬಂದ ಹುಡುಗಿ ನಮ್ಮ ಮುಂದೆ ನಿಂತು ಹಿಂದಕ್ಕೆ ತಿರುಗಿ ನೋಡಿದಳು. ಚನ್ನಬಸಪ್ಪನವರು ಬಂದರು. ಸಿಟ್ಟಿನಲ್ಲಿರಲಿಲ್ಲ, ನಾಲ್ಕು ಜನರ ಮುಂದೆ ಸಿಕ್ಕಿಬಿದ್ದವರ ಹಾಗಿದ್ದರು. ತಗ್ಗಿದ ದನಿಯಲ್ಲಿ, ಯಾರು ಕರೆದರೆಂದು ಬಂದೆ ನೀಲವ್ವಾ ಎಂದು ಕೇಳಿದರು.

ದೊಡ್ಡವ್ವ ಅವತ್ತು ಬಾಗಿಲ ಮರೆಯಲ್ಲಿರಲಿಲ್ಲ. ತಲೆಯೆತ್ತಿ ಅವರ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಇದು ನನ್ನ ಗಂಡನ ಮನಿ ಐತ್ರಿ ಭಾವ. ನನ್ನ ಮನಿಗೆ ನನ್ನ ಯಾರು ಕರೀಬೇಕು?"

ಆಗ ಮದುಮಗಳ ತಾಯಿ, ಚನ್ನಬಸಪ್ಪನವರ ಸೊಸೆ, ಒಳಗಿಂದ ಬಂದು ಹುಡುಗಿಯ ಕೈಯ ಬುಟ್ಟಿ ತೆಗೆದುಕೊಂಡಳು. ಮಾವನ ಕಡೆ ತಿರುಗಿ ನೋಡಲಿಲ್ಲ. ದೊಡ್ಡವ್ವನ ಎಲೆಗೆ ಎರಡು ಹೋಳಿಗೆ ಹಾಕಿ, ತುಪ್ಪ ಬಿಟ್ಟಳು. ನನ್ನ ಮುಂದೆ ಬಂದು ನನ್ನ ಎಲೆಗೂ ಎರಡು ಹಾಕಿದಳು. ಚನ್ನಬಸಪ್ಪನವರು ಗಂಡಸರ ಪಂಗ್ತಿಯ ಕಡೆ ನಡೆದರು. ಸುತ್ತಲಿನ ಹೆಂಗಸರು ನಮ್ಮನ್ನು ನೋಡುತ್ತಿದ್ದರು, ಎದ್ದು ಹೋಗುವುದೋ ಕೂರುವುದೋ ಎಂದು ತಿಳಿಯದೆ. ಹೆಚ್ಚಿನವರು ಕೂತರು. ಹೋಳಿಗೆ ಬಿಸಿಯಾಗಿದ್ದವು.

ನಾನು ತಿಂದೆ. ನಿಧಾನವಾಗಿ, ಅಂಚಿನಿಂದ ಶುರುಮಾಡಿ, ಬೆರಳಿಗಂಟಿದ ತುಪ್ಪವನ್ನೂ ಬಿಡದೆ ತಿಂದೆ. ಸ್ವಲ್ಪ ಹೊತ್ತಿನ ಮೇಲೆ ಮದುಮಗಳ ತಾಯಿ ಮತ್ತೆ ಬುಟ್ಟಿ ಹಿಡಿದು ಬಂದು, ಇನ್ನೊಂದು ಹಾಕಲೇನು ಎಂದು ಕೇಳಿದಳು. ಸಾಕು ಎನ್ನುವುದೇ ಮರ್ಯಾದೆ ಎಂದು ನನಗೆ ಚಿಕ್ಕಂದಿನಿಂದ ಕಲಿಸಿದ್ದರು.

"ಹಾಕ್ರಿ," ಎಂದೆ.